ಹೀಬ್ರೂ ಬೈಬಲಿನ ‘ಪಾಕದ್’: ವಿಚಾರಿಸಿಕೊಳ್ಳುವ ಕ್ರಿಯಾಪದ

ಹೀಬ್ರೂ ಬೈಬಲಿನಲ್ಲಿ ಸುಮಾರು 300 ಕಡೆ ಬರುವ ‘ಪಾಕದ್’ ಎಂಬ ಕ್ರಿಯಾಪದಕ್ಕೆ ನಿಘಂಟು ತೆರೆದರೆ ಭೇಟಿ ಕೊಡು, ದಂಡಿಸು, ಎಣಿಸು, ನೇಮಿಸು ಎಂದು ಒಂದಕ್ಕೊಂದು ತಾಳೆಯಾಗದ ಅರ್ಥಗಳು ಸಾಲುಗಟ್ಟಿ ನಿಂತಿರುತ್ತವೆ. ಹೊಸದಾಗಿ ಭಾಷೆ ಕಲಿಯುವವರು ಸಂದರ್ಭಕ್ಕೆ ಹೊಂದುವ ಒಂದನ್ನು ಆರಿಸಿಕೊಂಡು ಮುಂದೆ ಸಾಗುವುದುಂಟು. ನಾನು ಮಾತ್ರ ಅವರಿಗೆ ಮೊದಲು ಕರ್ಮಪದ ಯಾವುದು, ಜೊತೆಯಲ್ಲಿ ‘ಮೇಲೆ’ ಎಂಬರ್ಥದ ‘ಅಲ್’ ಇದೆಯೇ ಎಂಬುದನ್ನು ನೋಡಲು ಹೇಳುತ್ತೇನೆ.

ಆದಿಕಾಂಡ 21:1ರಲ್ಲಿ ಯೆಹೋವನು ಸಾರಳನ್ನು ‘ಪಾಕದ್’ ಮಾಡಿದಾಗ ಬಂಜೆಯಾಗಿದ್ದ ಆಕೆ ಗರ್ಭವತಿಯಾಗುತ್ತಾಳೆ. ಇಲ್ಲಿ ವ್ಯಕ್ತಿಯೇ ನೇರ ಕರ್ಮ. ವಿಮೋಚನಕಾಂಡ 20:5ರಲ್ಲಿ ಕರ್ಮಪದ ತಂದೆಗಳ ಪಾಪ, ಅದು ಬೀಳುವುದು ಮಕ್ಕಳ ‘ಮೇಲೆ’. ಈ ಎರಡು ಪ್ರಯೋಗಗಳನ್ನೂ ಯೆರೆಮೀಯ 23:2 ಒಂದೇ ವಚನದಲ್ಲಿ ಎದುರುಬದುರಾಗಿ ನಿಲ್ಲಿಸುತ್ತದೆ. ಜನರನ್ನು ಚದುರಿಸಿದ ಕುರುಬರಿಗೆ, ಅಂದರೆ ಆಳುವವರಿಗೆ, ‘ನೀವು ನನ್ನ ಮಂದೆಯನ್ನು ವಿಚಾರಿಸಿಕೊಳ್ಳಲಿಲ್ಲ, ಇಗೋ, ನಿಮ್ಮ ದುಷ್ಕೃತ್ಯಕ್ಕಾಗಿ ನಾನು ನಿಮ್ಮನ್ನು ವಿಚಾರಿಸಿಕೊಳ್ಳುತ್ತೇನೆ’ ಎಂಬ ಎಚ್ಚರಿಕೆ. ಮೊದಲನೆಯದಕ್ಕೆ ‘ಅಲ್’ ಇಲ್ಲ, ಎರಡನೆಯದಕ್ಕೆ ಇದೆ. ಗ್ರೀಕ್ ಅನುವಾದಕರು ಇಲ್ಲಿ ಎರಡು ಬೇರೆ ಕ್ರಿಯಾಪದಗಳನ್ನು ಬಳಸಿದ್ದರಿಂದ ಮಾತಿನ ಏಟು ತಪ್ಪಿಹೋಯಿತು. ಕನ್ನಡಕ್ಕೆ ಆ ಕಷ್ಟವಿಲ್ಲ: ಬಂದ ನೆಂಟರನ್ನೂ ‘ವಿಚಾರಿಸಿಕೊಳ್ಳುತ್ತೇವೆ’, ಸಿಕ್ಕಿಬಿದ್ದ ಕಳ್ಳನನ್ನೂ ‘ಚೆನ್ನಾಗಿ ವಿಚಾರಿಸಿಕೊಳ್ಳುತ್ತೇವೆ’.

ಎಣಿಕೆಯ ಅರ್ಥವೂ ಇದಕ್ಕೆ ಹೊರತಲ್ಲ. ಅರಣ್ಯಕಾಂಡ 1:46ರಲ್ಲಿ ಲೆಕ್ಕಕ್ಕೆ ಬಂದ 6,03,550 ಮಂದಿ ‘ಪೆಕುದೀಮ್’, ಅಂದರೆ ಮೇಲಧಿಕಾರಿಯ ಕಣ್ಣೆದುರು ಸಾಲಾಗಿ ಹಾಜರಾದವರು. ಹಾಜರಿ ತೆಗೆದುಕೊಂಡಾಗಲೇ ಗೈರುಹಾಜರಿ ತಿಳಿಯುವುದರಿಂದ, 1 ಸಮುವೇಲ 20:18ರಲ್ಲಿ ಯೋನಾತಾನನು ತನ್ನ ಗೆಳೆಯ ದಾವೀದನಿಗೆ ‘ನಾಳೆ ಅಮಾವಾಸ್ಯೆಯ ಊಟದಲ್ಲಿ ನಿನ್ನ ಪೀಠ ಬರಿದಾಗಿರುವುದರಿಂದ ನೀನಿಲ್ಲವೆಂಬುದು ಗಮನಕ್ಕೆ ಬರುತ್ತದೆ’ ಎನ್ನುವಾಗ ಬರಿದಾಗುವುದಕ್ಕೂ ಗಮನಕ್ಕೆ ಬರುವುದಕ್ಕೂ ಇದೇ ಧಾತುವಿನ ‘ನಿಫಾಲ್’ (ಇಲ್ಲಿ ಕರ್ಮಣಿ ಅರ್ಥದ) ರೂಪ ಬಂದಿದೆ. ‘ಹಿಫಿಲ್’ ರೂಪದಲ್ಲಿ, ಅಂದರೆ ‘ಮಾಡಿಸು’ ಎಂಬಂಥ ಪ್ರೇರಣಾರ್ಥಕ ರೂಪದಲ್ಲಿ, ವಿಚಾರಣೆಯ ಹೊಣೆ ಬೇರೊಬ್ಬರಿಗೆ ದಾಟುತ್ತದೆ. ಐಗುಪ್ತದ ಅಧಿಕಾರಿ ಪೋಟೀಫರನು ತನ್ನ ದಾಸ ಯೋಸೇಫನನ್ನು ಮನೆಯ ಮೇಲೆ ನೇಮಿಸಿದ್ದು ಹೀಗೆ. ಅಕ್ಕಾಡಿಯನ್ ಭಾಷೆಯ ಸೋದರ ಪದ ‘ಪಕಾದು’ವಿಗೂ ಒಪ್ಪಿಸು, ನೇಮಿಸು ಎಂಬ ಅರ್ಥಗಳಿವೆ.

ನಿಜಕ್ಕೂ ತೊಡಕಿನ ವಾಕ್ಯ ವಿಮೋಚನಕಾಂಡ 3:16. ಸಾಯುವ ಮುನ್ನ ಯೋಸೇಫನು ‘ದೇವರು ನಿಮ್ಮನ್ನು ಖಂಡಿತ ವಿಚಾರಿಸಿಕೊಳ್ಳುವನು’ ಎಂದಿದ್ದಕ್ಕೆ ಉತ್ತರದಂತೆ ಇಲ್ಲಿ ದೇವರ ಮಾತಿನಲ್ಲೇ ‘ಪಾಕೋದ್ ಪಾಕದ್ತಿ’ ಎಂಬ ದ್ವಿರುಕ್ತಿ ಬರುತ್ತದೆ. ಆದರೆ ಅದಕ್ಕೆ ಕರ್ಮಪದಗಳು ಎರಡು: ‘ನಿಮ್ಮನ್ನು’ ಮತ್ತು ‘ಐಗುಪ್ತದಲ್ಲಿ ನಿಮಗೆ ಮಾಡಿದ್ದನ್ನು’. ಮೊದಲನೆಯದು ಆರೈಕೆ, ಎರಡನೆಯದು ಲೆಕ್ಕ ಕೇಳುವಿಕೆ. ಓದು ಸರಾಗವಾಗಲೆಂದು ನಡುವೆ ‘ನೋಡಿದ್ದೇನೆ’ ಎಂಬ ಇನ್ನೊಂದು ಕ್ರಿಯಾಪದವನ್ನು ತುರುಕುವುದು ನನಗೆ ಒಪ್ಪಿಗೆಯಿಲ್ಲ. ‘ನಿಮ್ಮನ್ನೂ ನಿಮಗಾದದ್ದನ್ನೂ ವಿಚಾರಿಸಿದ್ದೇನೆ’ ಎಂದರೆ ಎರಡೂ ಕರ್ಮಪದಗಳು ಮೂಲದಲ್ಲಿರುವಂತೆಯೇ ಒಂದೇ ಕ್ರಿಯೆಗೆ ಒಳಪಡುತ್ತವೆ.