ಬ್ಲಿಟ್ಜ್ ಟಿಪ್ಪಣಿ: ಆಟ ಬರುತ್ತದೆ, ಸೆಕೆಂಡ್ ಸಾಲುವುದಿಲ್ಲ

ಚೆಸ್‌ನಲ್ಲಿ ನಿಧಾನದ ಆಟ ಚೆನ್ನಾಗಿ ಬರುತ್ತದೆ, ಟ್ಯಾಕ್ಟಿಕ್ಸ್ ಕಣ್ಣಿಗೆ ಬೀಳುತ್ತದೆ, ಓಪನಿಂಗ್ ಗೊತ್ತು. ಆದರೂ ಆನ್‌ಲೈನ್ ಬ್ಲಿಟ್ಜ್ (ಕೆಲವೇ ನಿಮಿಷದ ವೇಗದ ಚೆಸ್) ರೇಟಿಂಗ್ ಮಾತ್ರ ಎಷ್ಟೋ ದಿನದಿಂದ ಅಲ್ಲೇ ನಿಂತಿದೆ. ಈ ಟಿಪ್ಪಣಿ ಅಂಥವರಿಗೆ. ಫೋರ್ಕ್ ಎಂದರೇನು, ಪಿನ್ ಎಂದರೇನು ಅನ್ನುವುದೆಲ್ಲ ಇಲ್ಲಿಲ್ಲ. ಕಲಿತದ್ದು ಇನ್ನೂ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಪ್ರೀಮೂವ್ (ನಡೆಯನ್ನು ಮುಂಚೆಯೇ ಹಾಕಿಡುವುದು) ಭಾಗ ಸಿಕ್ಕಾಪಟ್ಟೆ ಉದ್ದವಾಗಿದೆ, ಯಾಕೆಂದರೆ ನನ್ನ ತಲೆಗೆ ಹತ್ತಲು ತಡವಾಗಿದ್ದು ಅದೇ.

ಸೆಕೆಂಡಿನ ಲೆಕ್ಕ

ಒಂದು ಆಟಕ್ಕೆ 40 ನಡೆ ಎಂದು ಇಟ್ಟುಕೊಳ್ಳಿ. 3+2 ಎಂಬಂಥದ್ದರಲ್ಲಿ ಮೊದಲ ಅಂಕಿ ಒಬ್ಬೊಬ್ಬರಿಗೆ ಸಿಗುವ ನಿಮಿಷ, ಎರಡನೆಯದು ಪ್ರತಿ ನಡೆಗೆ ಸೇರುವ ಸೆಕೆಂಡ್. 3+0ರಲ್ಲಿ 180 ಸೆಕೆಂಡ್, ಅಂದರೆ ನಡೆಗೆ ನಾಲ್ಕೂವರೆ. 3+2ರಲ್ಲಿ 180ಕ್ಕೆ 80 ಸೇರಿ 260, ನಡೆಗೆ ಆರೂವರೆ. 2+1ರಲ್ಲಿ 160, ನಡೆಗೆ ನಾಲ್ಕು. 1+0ರಲ್ಲಿ ಒಂದೂವರೆ, ಮುಗೀತು. ಆನ್‌ಲೈನ್ ಚೆಸ್ ಸೈಟ್ ಲಿಚೆಸ್ ಆಟಗಳನ್ನು ವಿಂಗಡಿಸುವುದೂ ಇದೇ 40ರ ಲೆಕ್ಕದಲ್ಲಿ. ಒಟ್ಟು 180 ಸೆಕೆಂಡಿಗಿಂತ ಕಡಿಮೆ ಇದ್ದರೆ ಬುಲೆಟ್, 180 ಮುಟ್ಟಿದರೆ ಬ್ಲಿಟ್ಜ್. ಅದಕ್ಕೇ 2+1 ಬುಲೆಟ್ ಆಗುತ್ತದೆ, 3+0 ಬ್ಲಿಟ್ಜ್ ಆಗುತ್ತದೆ. ಕಾಗದದ ಮೇಲೆ ಎರಡಕ್ಕೂ ಇರುವ ವ್ಯತ್ಯಾಸ ನಡೆಗೆ ಅರ್ಧ ಸೆಕೆಂಡ್ ಅಷ್ಟೇ.

ಸರಾಸರಿ ನೋಡಿಕೊಂಡು ಎಲ್ಲ ನಡೆಗೂ ನಾಲ್ಕೂವರೆ ಸೆಕೆಂಡ್ ಕೊಡುತ್ತಾ ಹೋದರೆ ಕೆಲಸ ಕೆಟ್ಟಿತು. 3+0ಕ್ಕೆ ನಾನು ಇಟ್ಟುಕೊಂಡಿರುವ ಬಜೆಟ್ ಹೀಗಿದೆ. ಮೊದಲ ಹತ್ತು ನಡೆಗೆ 15 ಸೆಕೆಂಡ್. ಕೊನೆಯ ಒದ್ದಾಟಕ್ಕೆ 30 ತೆಗೆದಿಡಬೇಕು. ಉಳಿದ 135 ಸೆಕೆಂಡ್ ಮಧ್ಯದ ಆಟಕ್ಕೆ. ಅದರಲ್ಲಿ ಎರಡೋ ಮೂರೋ ಸಲ ನಿಜವಾಗಿ ಕೂತು ಯೋಚಿಸಬಹುದು, ಮಿಕ್ಕಿದ್ದನ್ನು ಕೈ ಆಡಬೇಕು.

ಕಲಿಯಲು ಆಡುವುದಾದರೆ 3+2 ಆಡಿ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಶಿಪ್ ನಡೆಯುವುದೂ 3+2ರಲ್ಲೇ. 3+0ರಲ್ಲಿ ಗೆದ್ದ ಎಂಡ್‌ಗೇಮನ್ನು ಗಡಿಯಾರ ಕಿತ್ತುಕೊಂಡರೆ ಅದರಿಂದ ಕಲಿಯುವುದು ಏನೂ ಇಲ್ಲ.

ಸೆಕೆಂಡ್ ಎಲ್ಲಿ ಸೋರುತ್ತದೆ

ಆಟ ಮುಗಿದ ಮೇಲೆ ಎಲ್ಲರೂ ಎಂಜಿನ್ (ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹಾಕಿ ತಪ್ಪು ನಡೆ ಹುಡುಕುತ್ತಾರೆ. ಅದಕ್ಕೂ ಮುಂಚೆ ಪ್ರತಿ ನಡೆಗೆ ಹೋದ ಸಮಯ ನೋಡಿ. ವಿಶ್ಲೇಷಣೆಯ ಪುಟದಲ್ಲೇ ಅದು ಸಿಗುತ್ತದೆ. ಹತ್ತು ಸೆಕೆಂಡ್ ದಾಟಿದ ನಡೆಗಳನ್ನಷ್ಟೇ ತೆಗೆದುಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಷ್ಟು ಯೋಚಿಸಿದ್ದರಿಂದ ನಡೆ ಬದಲಾಯಿತಾ?

ಬಹಳ ಸಲ ಉತ್ತರ ಇಲ್ಲ ಎಂದೇ ಇರುತ್ತದೆ. ಮೊದಲ ಸೆಕೆಂಡಿನಲ್ಲಿ ಹೊಳೆದ ನಡೆಯನ್ನೇ ಹದಿನೈದನೇ ಸೆಕೆಂಡಿನಲ್ಲಿ ಆಡಿರುತ್ತೇವೆ. ಗಟ್ಟಿ ಆಟಗಾರರಿಗೇ ಈ ರೋಗ ಜಾಸ್ತಿ. ಶುರುವಿನವರಿಗೆ ಒಂದು ಒಳ್ಳೆಯ ನಡೆ ಕಂಡರೆ ಸಾಕು, ಆಡಿಬಿಡುತ್ತಾರೆ. ನಮಗೆ ಎರಡು ಕಾಣುತ್ತವೆ. ರೂಕನ್ನು ಡಿ1 ಮನೆಗೆ ತರೋಣವೋ ಸಿ1 ಮನೆಗೆ ತರೋಣವೋ ಎಂದು ಕೂರುತ್ತೇವೆ. ಎರಡಕ್ಕೂ ಎಂಜಿನ್ ಕೊಡುವ ಅಂಕ ಹೆಚ್ಚುಕಡಿಮೆ ಒಂದೇ. ಆ ಹನ್ನೆರಡು ಸೆಕೆಂಡ್ ಆಟದ ಕೊನೆಯಲ್ಲಿ ಇದ್ದಿದ್ದರೆ ಗೆಲುವು.

ಈಗ ನಾನು ಪಾಲಿಸುವ ನಿಯಮ ಇದು: ಚೆಕ್ ಇಲ್ಲ, ಹೊಡೆತ ಇಲ್ಲ, ಬೆದರಿಕೆ ಇಲ್ಲ ಎಂದರೆ ಮೂರು ಸೆಕೆಂಡಿನೊಳಗೆ ಕಾಯಿ ಎತ್ತಬೇಕು. ಯಾವ ಕಾಯಿ ಎಂದು ಗೊತ್ತಾಗದಿದ್ದರೆ ಎಲ್ಲಕ್ಕಿಂತ ಸೋಮಾರಿಯಾಗಿ ಕೂತಿರುವ ಕಾಯಿ. ಯೋಚನೆಯನ್ನು ಪಾನ್ ಮುಂದಕ್ಕೆ ತಳ್ಳುವ ನಡೆಗೆ, ಕ್ವೀನ್ ಅದಲುಬದಲಿಗೆ, ರಾಜನ ಮುಂದಿನ ಗೋಡೆ ಒಡೆಯುವ ನಡೆಗೆ ಉಳಿಸಿಕೊಳ್ಳಿ. ಇವು ಹಿಂದಕ್ಕೆ ಬರುವುದಿಲ್ಲ. ರೂಕ್ ತಪ್ಪು ಮನೆಗೆ ಹೋದರೆ ಮುಂದಿನ ನಡೆಗೆ ವಾಪಸ್ ತರಬಹುದು.

ಪ್ರೀಮೂವ್: ಪ್ರಶ್ನೆಯನ್ನು ತಿರುಗಿಸಿ ಹಾಕಿ

ಎದುರಾಳಿ ಯೋಚಿಸುತ್ತಿರುವಾಗಲೇ ನಮ್ಮ ಮುಂದಿನ ನಡೆಯನ್ನು ಹಾಕಿಡುವುದು ಪ್ರೀಮೂವ್. ಚೆಸ್ ಡಾಟ್ ಕಾಮ್‌ನಲ್ಲಿ ಒಂದರ ಹಿಂದೆ ಒಂದು ಹಲವನ್ನು ಜೋಡಿಸಿಡಬಹುದು, ಆದರೆ ಒಂದೊಂದಕ್ಕೂ 0.1 ಸೆಕೆಂಡ್ ಹೋಗುತ್ತದೆ. ಲಿಚೆಸ್‌ನಲ್ಲಿ ಒಂದೇ ಒಂದು, ಅದಕ್ಕೆ ಸಮಯ ಹೋಗುವುದೇ ಇಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿರಬೇಕಾದ್ದು ಯಾವುದು ಸುರಕ್ಷಿತ ಎನ್ನುವುದು.

ಸಾಮಾನ್ಯವಾಗಿ ನಾವು ಕೇಳುವ ಪ್ರಶ್ನೆ: ಅವನು ಏನು ಆಡಬಹುದು? ಇದು ದಾರಿ ತಪ್ಪಿಸುತ್ತದೆ. ಅವನು ಅದನ್ನೇ ಆಡುತ್ತಾನೆ ಎಂದು ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿಯೇ ಊಹಿಸುತ್ತೇವೆ. ಹತ್ತನೆಯ ಸಲ ಕ್ವೀನ್ ಹೋಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ನನ್ನ ಪ್ರೀಮೂವ್ ಲೀಗಲ್ ಆಗಿಯೇ ಉಳಿಯುವಂತೆ ಅವನು ಆಡಬಹುದಾದ ಅತಿ ಕೆಟ್ಟ ನಡೆ ಯಾವುದು?

"ಲೀಗಲ್ ಆಗಿಯೇ ಉಳಿಯುವಂತೆ" ಅನ್ನುವ ತುಂಡು ಇಲ್ಲಿ ಮುಖ್ಯ. ಪ್ರೀಮೂವ್ ಲೀಗಲ್ ಅಲ್ಲ ಎಂದಾದರೆ ಅದು ಸುಮ್ನೆ ರದ್ದಾಗುತ್ತದೆ. ನಷ್ಟ ಏನೂ ಇಲ್ಲ, ನಿಮ್ಮ ಸರದಿಯಲ್ಲಿ ಮಾಮೂಲಿನಂತೆ ಯೋಚಿಸಿ ಆಡಬಹುದು. ಹಾಗಾಗಿ ಅವನ ನಡೆಗಳೆಲ್ಲವನ್ನೂ ನೋಡಬೇಕಿಲ್ಲ. ನನ್ನ ನಡೆಯನ್ನು ರದ್ದು ಮಾಡದ ನಡೆಗಳನ್ನು ಮಾತ್ರ ನೋಡಿದರೆ ಸಾಕು.

ಇದನ್ನು ಹಿಡಿದುಕೊಂಡು ವಾಪಸ್ ಹೊಡೆಯುವ ಪ್ರೀಮೂವನ್ನು ನೋಡಿ. ನನ್ನ ಕುದುರೆ ಡಿ5ರಲ್ಲಿದೆ, ಇ4ರ ಪಾನ್ ಅದಕ್ಕೆ ಕಾವಲು. ಇ4 ಪಾನನ್ನು ಡಿ5ಕ್ಕೆ ಪ್ರೀಮೂವ್ ಮಾಡುತ್ತೇನೆ, ಅಂದರೆ ನನ್ನದೇ ಕುದುರೆ ಇರುವ ಮನೆಗೆ. ಅವನು ಕುದುರೆ ಹೊಡೆಯದೆ ಬೇರೇನೇ ಆಡಿದರೂ ನನ್ನ ಕುದುರೆ ಅಲ್ಲೇ ಇರುತ್ತದೆ, ನನ್ನ ಕಾಯಿಯನ್ನು ನಾನೇ ಹೊಡೆಯುವಂತಿಲ್ಲ, ಪ್ರೀಮೂವ್ ರದ್ದು. ಬೇರೆ ಕಡೆಯಿಂದ ಚೆಕ್ ಕೊಟ್ಟನೇ? ರದ್ದು. ಕ್ವೀನ್ ಮೇಲೆ ಬಿದ್ದನೇ? ರದ್ದು, ಈಗ ಕ್ವೀನ್ ಉಳಿಸಿಕೊಳ್ಳಬಹುದು. ಡಿ5ರಲ್ಲಿ ಹೊಡೆದರೆ ಮಾತ್ರ ನನ್ನ ನಡೆ ಜಾರಿಗೆ ಬರುತ್ತದೆ. ಅಂದರೆ ವಾಪಸ್ ಹೊಡೆಯುವ ಪ್ರೀಮೂವ್ ಒಳಗೇ ಒಂದು "ಹಾಗಾದರೆ ಮಾತ್ರ" ಷರತ್ತು ಕೂತಿದೆ. ಪ್ರೀಮೂವ್ ಎಂದರೆ ಕಣ್ಣುಮುಚ್ಚಿ ಎಸೆಯುವುದು ಅಂದುಕೊಂಡವರು ಇದನ್ನು ಬಳಸುವುದೇ ಇಲ್ಲ. ಒಂದು ಆಟದಲ್ಲಿ ಇಂಥವು ನಾಲ್ಕೈದು ಬಂದೇ ಬರುತ್ತವೆ. 3+2ರಲ್ಲಿ ಆದರೆ ಪ್ರತಿಯೊಂದಕ್ಕೂ ಎರಡು ಸೆಕೆಂಡ್ ಲಾಭ.

ಹಾಗಂತ ಇದು ಪೂರ್ತಿ ಸುರಕ್ಷಿತವೂ ಅಲ್ಲ. ಅವನು ಹೊಡೆದ ಮೇಲೆ ವಾಪಸ್ ಹೊಡೆಯುವುದೇ ತಪ್ಪಾಗಿದ್ದರೆ? ಫ್ರೆಂಚ್ ಅಡ್ವಾನ್ಸ್ ಎಂಬ ಓಪನಿಂಗ್‌ನ ಹಳೆಯ ಬಲೆ ನೋಡಿ (ಪ್ರತಿ ಸಂಖ್ಯೆಯ ಮುಂದೆ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು). 1. ಇ4 ಇ6 2. ಡಿ4 ಡಿ5 3. ಇ5 ಸಿ5 4. ಸಿ3 ಕುದುರೆ ಸಿ6 5. ಕುದುರೆ ಎಫ್3 ಕ್ವೀನ್ ಬಿ6 6. ಬಿಷಪ್ ಡಿ3, ಕಪ್ಪು ಸಿ ಪಾನಿನಿಂದ ಡಿ4ರಲ್ಲಿ ಹೊಡೆಯುತ್ತದೆ 7. ಬಿಳಿ ಸಿ ಪಾನಿನಿಂದ ವಾಪಸ್ ಹೊಡೆಯುತ್ತದೆ. ಈಗ ಕಪ್ಪು ಆಡುವವರು ಕುದುರೆಯಿಂದ ಡಿ4 ಪಾನ್ ಹೊಡೆದು, ಕ್ವೀನನ್ನು ಡಿ4ಕ್ಕೆ ಪ್ರೀಮೂವ್ ಹಾಕುತ್ತಾರೆ. ಬಿಳಿ ಕುದುರೆ ಡಿ4ರಲ್ಲಿ ಹೊಡೆಯುತ್ತದೆ, ಕ್ವೀನ್ ತಾನಾಗಿ ಬಂದು ಕೂರುತ್ತದೆ. ಮುಂದಿನ ನಡೆ ಬಿಷಪ್ ಬಿ5, ಚೆಕ್. ಡಿ3ರಿಂದ ಬಿಷಪ್ ಸರಿದದ್ದೇ ಡಿ1ರ ಬಿಳಿ ಕ್ವೀನಿಗೆ ದಾರಿ ತೆರೆಯಿತು. ಕಪ್ಪು ಚೆಕ್ ತಪ್ಪಿಸಿಕೊಳ್ಳಬೇಕು, ಅಷ್ಟರಲ್ಲಿ ಕ್ವೀನ್ ಹೋಯಿತು.

ಇಲ್ಲಿ ಷರತ್ತು ಸರಿಯಾಗಿಯೇ ಕೆಲಸ ಮಾಡಿತು. ಕೆಟ್ಟದ್ದು ಇಳಿಯುವ ಮನೆ. ಆದ್ದರಿಂದ ವಾಪಸ್ ಹೊಡೆಯುವ ಪ್ರೀಮೂವಿಗೆ ಮುಂಚೆ ಎರಡೇ ಎರಡು ಸಂಗತಿ ನೋಡಿ. ನನ್ನ ಕಾಯಿ ಇಳಿಯುವ ಮನೆಯ ಮೇಲೆ ಅವನ ಯಾವ ಕಾಯಿಯ ಗೆರೆ ಮುಚ್ಚಿಕೊಂಡು ಕೂತಿದೆ? ನನ್ನ ಕಾಯಿ ಜಾಗ ಬಿಟ್ಟರೆ ಹಿಂದೆ ಏನು ಬಯಲಾಗುತ್ತದೆ? ಪಾನಿನಿಂದ ವಾಪಸ್ ಹೊಡೆಯುವಾಗ ಅಪಾಯ ಕಡಿಮೆ. ಕ್ವೀನಿನಿಂದ ಹೊಡೆಯುವಾಗಲೇ ಜಾಸ್ತಿ.

ಎರಡನೇ ಬಗೆ, ಅವನಿಗೆ ಇರುವುದೇ ಒಂದು ನಡೆ. ಚೆಕ್ ಕೊಟ್ಟಾಗ ರಾಜನಿಗೆ ಒಂದೇ ಮನೆ ಇದ್ದರೆ ಮುಂದಿನದನ್ನು ಕಣ್ಣುಮುಚ್ಚಿ ಹಾಕಬಹುದು. ಇದರಲ್ಲಿ ವಿವರಿಸಲು ಏನಿಲ್ಲ.

ಮೂರನೆಯದು ಖಾಲಿ ಮನೆಗೆ ಹಾಕುವ ಪ್ರೀಮೂವ್. ಇದರಲ್ಲಿ ಷರತ್ತೇ ಇಲ್ಲ, ಅವನು ಏನೇ ಆಡಿದರೂ ಹೆಚ್ಚುಕಡಿಮೆ ಜಾರಿಯಾಗಿಬಿಡುತ್ತದೆ. ಓಪನಿಂಗ್‌ನಲ್ಲಿ ಕೈ ಸುಡುವುದು ಇಲ್ಲೇ. ಕಪ್ಪು ಆಡುವವರು 1. ಡಿ4 ಜಿ6 ಆಡಿ, ಬಿಷಪ್ ಜಿ7 ಪ್ರೀಮೂವ್ ಹಾಕುತ್ತಾರೆ. ಅದನ್ನು ಮೂಸಿ ನೋಡಿದ ಬಿಳಿ 2. ಬಿಷಪ್ ಎಚ್6 ಆಡುತ್ತದೆ. ಬೋರ್ಡಿನ ಮೇಲೆ ಎದುರುಬದುರು ಕೂತು ಆಡುವಾಗ ಇದು ಪುಕ್ಕಟೆ ಬಿಷಪ್ ಕೊಟ್ಟಂತೆ. ಇಲ್ಲಿ ಕಪ್ಪು ಬಿಷಪ್ ತಾನಾಗಿ ಜಿ7ಕ್ಕೆ ಹೋಗುತ್ತದೆ, ಬಿಳಿ ಅದನ್ನು ಹೊಡೆಯುತ್ತದೆ, ಹಿಂದೆಯೇ ಎಚ್8ರ ರೂಕ್ ಸಿಕ್ಕಿಬಿದ್ದಿರುತ್ತದೆ. 1. ಬಿ3 ಜಿ6 2. ಬಿಷಪ್ ಬಿ2 ಆದ ಮೇಲೂ ಅದೇ ಪ್ರೀಮೂವಿಗೆ ಅದೇ ಗತಿ. ಒಂದು ಸಲ ಈ ಆಟ ಆಡಿದ ಎದುರಾಳಿ ರೀಮ್ಯಾಚ್ ಕೇಳಿದರೆ ಹುಷಾರು.

ಹಾಗಾದರೆ ಖಾಲಿ ಮನೆಗೆ ಯಾವಾಗ ಹಾಕಬಹುದು? ಅವನ ಯಾವ ಕಾಯಿಯೂ ಒಂದೇ ನಡೆಯಲ್ಲಿ ಆ ಮನೆಯ ಮೇಲೆ ಕಣ್ಣಿಡಲು ಸಾಧ್ಯವಿಲ್ಲದಿದ್ದಾಗ, ಜೊತೆಗೆ ನಾನು ಆ ನಡೆ ಆಡಿದ್ದರಿಂದ ಬೇರೆಲ್ಲೂ ಕಾವಲು ತಪ್ಪದಿದ್ದಾಗ. ಎರಡನೆಯದನ್ನೇ ಎಲ್ಲರೂ ಮರೆಯುವುದು.

ಟೈಮ್ ಮುಗಿದರೆ ಸೋಲೋ ಡ್ರಾನೋ

ನನ್ನ ಟೈಮ್ ಮುಗಿಯಿತು, ಎದುರಾಳಿಯ ಬಳಿ ರಾಜ ಮತ್ತು ಒಂದು ಕುದುರೆ ಮಾತ್ರ. ನನ್ನ ಬಳಿ ರಾಜ ಮತ್ತು ಒಂದು ಪಾನ್. ಫಲಿತಾಂಶ ಏನು? ಸೈಟಿನ ಮೇಲೆ ನಿಂತಿದೆ. ಚೆಸ್ ಡಾಟ್ ಕಾಮ್‌ನಲ್ಲಿ ಡ್ರಾ, ಒಂಟಿ ಕುದುರೆ ಮೇಟ್ ಮಾಡಲು ಸಾಲದು ಎನ್ನುವ ಲೆಕ್ಕ. ಲಿಚೆಸ್‌ನಲ್ಲಿ ಸೋಲು. ಅದು ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದ ಹಾದಿಯಲ್ಲೇ ನಡೆಯುತ್ತದೆ: ಲೀಗಲ್ ನಡೆಗಳಿಂದ ಹೇಗಾದರೂ ಮೇಟ್ ಆಗುವ ಸಾಧ್ಯತೆ ಇದ್ದರೆ ಟೈಮ್ ಮುಗಿದವನು ಸೋತಂತೆ.

ಒಂಟಿ ಕುದುರೆ ಹೇಗೆ ಮೇಟ್ ಮಾಡುತ್ತದೆ ಎಂದು ಅನುಮಾನವಿದ್ದರೆ ಬೋರ್ಡಿನ ಮೇಲೆ ಇಟ್ಟು ನೋಡಿ. ಬಿಳಿ ರಾಜ ಎಚ್1, ಬಿಳಿ ಪಾನ್ ಎಚ್2, ಕಪ್ಪು ರಾಜ ಎಫ್1, ಕಪ್ಪು ಕುದುರೆ ಎಫ್2. ಚೆಕ್. ಜಿ1, ಜಿ2 ಎರಡನ್ನೂ ಕಪ್ಪು ರಾಜ ಹಿಡಿದಿದ್ದಾನೆ, ಎಚ್2ರಲ್ಲಿ ಬಿಳಿಯದೇ ಪಾನ್ ಅಡ್ಡ ಕೂತಿದೆ. ಮೇಟ್. ಆ ಪಾನ್ ಇಲ್ಲದಿದ್ದರೆ ರಾಜ ಎಚ್2ಕ್ಕೆ ಜಾರುತ್ತಿದ್ದ.

ಇದರಿಂದ ಸಿಗುವ ಉಪಾಯ ನನಗೆ ತುಂಬಾ ಇಷ್ಟ. ಲಿಚೆಸ್‌ನಲ್ಲಿ ಒಂದೆರಡು ಸೆಕೆಂಡ್ ಉಳಿದಿದೆ, ಪಾನ್ ಕ್ವೀನ್ ಆಗುವ ಹಾಗಿಲ್ಲ ಎಂದಾದರೆ, ಆ ಕೊನೆಯ ಪಾನನ್ನು ಕುದುರೆಯ ಬಾಯಿಗೆ ಕೊಟ್ಟುಬಿಡಿ. ಅವನು ತಿಂದ ಕ್ಷಣವೇ ಬರೀ ರಾಜನ ಎದುರು ರಾಜ ಮತ್ತು ಕುದುರೆ, ಆಟ ತಾನಾಗಿ ಡ್ರಾ.

ಇನ್ನೊಂದು ವ್ಯತ್ಯಾಸ, ಮೂರು ಸಲ ಅದೇ ಸ್ಥಿತಿ ಬಂದರೆ ಚೆಸ್ ಡಾಟ್ ಕಾಮ್‌ನಲ್ಲಿ ತಾನಾಗಿ ಡ್ರಾ. ಲಿಚೆಸ್‌ನಲ್ಲಿ ಕೇಳಿಕೊಳ್ಳಬೇಕು. ಇಲ್ಲವೇ ಸೆಟ್ಟಿಂಗ್‌ನಲ್ಲಿ ತಾನಾಗಿ ಕೇಳುವಂತೆ ಹಾಕಿಡಬೇಕು. ಹಾಕಿಡಿ.

ಪಜಲ್, ಓಪನಿಂಗ್: ಚಿಕ್ಕದಾಗಿ

ಗಡಿಯಾರದ ಎದುರು ಪಜಲ್ ಬಿಡಿಸುವ ಪಜಲ್ ಸ್ಟಾರ್ಮ್, ಪಜಲ್ ರಶ್ ಎರಡೂ ಆಟಕ್ಕೆ ಮುಂಚೆ ಕಣ್ಣು ಚುರುಕಾಗಲು ಒಳ್ಳೆಯದು. ಗಟ್ಟಿ ಆಟಗಾರರಿಗೆ ಅದಕ್ಕಿಂತ ಹೆಚ್ಚಿನ ಉಪಯೋಗ ನನಗೆ ಕಂಡಿಲ್ಲ. ಪಜಲ್‌ನಲ್ಲಿ ಏನೋ ಇದೆ ಎಂದು ಮೊದಲೇ ಗೊತ್ತು. ಬ್ಲಿಟ್ಜ್‌ನಲ್ಲಿ ಕಷ್ಟವಾಗುವುದು ಏನೂ ಇಲ್ಲದ ಕಡೆ ಹುಡುಕುವುದನ್ನು ನಿಲ್ಲಿಸುವುದು.

ಓಪನಿಂಗ್‌ಗೆ ಬಿಳಿಗೆ ಒಂದು, ಕಪ್ಪಿನಲ್ಲಿ ಇ4 ಎದುರು ಒಂದು, ಡಿ4 ಎದುರು ಒಂದು. ಸಾಕು. ಹರಿತವಾದದ್ದಕ್ಕಿಂತ, ಪ್ರತಿ ಸಲ ಒಂದೇ ತರಹದ ಪಾನ್ ರಚನೆ ಕೊಡುವುದು ಮೇಲು. ಮಧ್ಯದ ಆಟಕ್ಕೆ ಬಂದಾಗ ಕೈಗೆ ಜಾಗ ಪರಿಚಯವಿರುತ್ತದೆ.

ಎಂಡ್‌ಗೇಮ್ ಕೈಗೆ ಬರಬೇಕು

ಲೂಸೆನಾ, ಫಿಲಿಡೋರ್ ಎಂಬ ರೂಕ್ ಎಂಡ್‌ಗೇಮ್ ಸ್ಥಿತಿಗಳು ಗೊತ್ತು ಎನ್ನುವುದು ಬೇರೆ, ಎಂಟು ಸೆಕೆಂಡಿನಲ್ಲಿ ಆಡುವುದು ಬೇರೆ. ಎಂಜಿನ್ ಎದುರು ಆ ಸ್ಥಿತಿ ಇಟ್ಟು ಹದಿನೈದು ಸೆಕೆಂಡಿನಲ್ಲಿ ಆಡಿ ನೋಡಿ.

ಎರಡು ರೂಕಿನ ಏಣಿಯನ್ನು ಪ್ರೀಮೂವ್ ಸಮೇತ ಅಭ್ಯಾಸ ಮಾಡಿ. ಒಂಟಿ ಕಪ್ಪು ರಾಜ ಜಿ5, ನಮ್ಮ ರೂಕ್ ಎ4 ಮತ್ತು ಬಿ1. ಬಿ5 ಚೆಕ್, ಎ6 ಚೆಕ್, ಬಿ7 ಚೆಕ್, ಎ8 ಮೇಟ್. ರಾಜ ಎಷ್ಟೇ ಓಡಿ ಬಂದರೂ ಎಫ್6, ಇ7, ಡಿ8 ತಲುಪುತ್ತಾನೆ, ಯಾವ ರೂಕೂ ಅವನ ಕೈಗೆ ಸಿಗುವುದಿಲ್ಲ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಜೋಡಿಸಿಡಬಹುದು. ಅದೇ ರಾಜ ಡಿ5ರಲ್ಲಿದ್ದರೆ ಮಾತ್ರ ಬೇಡ. ಬಿ5 ಚೆಕ್‌ಗೆ ಅವನು ಸಿ6ಕ್ಕೆ ಬರುತ್ತಾನೆ, ಎ6 ಪ್ರೀಮೂವ್ ಜಾರಿಯಾಗುತ್ತದೆ, ಅವನು ಬಿ5ರ ರೂಕ್ ತಿನ್ನುತ್ತಾನೆ. ಮೊದಲು ಒಂದು ನಡೆ ಕಳೆದುಕೊಂಡು ರೂಕ್‌ಗಳನ್ನು ಆಚೆ ಬದಿಗೆ ಒಯ್ಯಬೇಕು.

ಕ್ವೀನ್ ಒಂದೇ ಇದ್ದರೆ ಅವನ ರಾಜನಿಂದ ಕುದುರೆ ನಡೆಯಷ್ಟು ದೂರದಲ್ಲಿ ಇಟ್ಟು, ರಾಜ ಹೋದ ದಿಕ್ಕಿಗೇ ಕ್ವೀನನ್ನೂ ಸರಿಸುತ್ತಾ ಹೋಗಿ. ಯೋಚಿಸದೆಯೇ ಅಂಚಿಗೆ ದೂಡಬಹುದು. ರಾಜ ಮೂಲೆಗೆ ಬಂದ ಕೂಡಲೇ ಇದನ್ನು ನಿಲ್ಲಿಸಿ. ರಾಜ ಎಚ್8, ಕ್ವೀನ್ ಜಿ6 ಆದರೆ ಸ್ಟೇಲ್‌ಮೇಟ್ (ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ, ಆದ್ದರಿಂದ ಡ್ರಾ). ಇಲ್ಲಿ ಪ್ರೀಮೂವ್ ಹಾಕಬೇಡಿ. ರಾಜ ಯಾವ ಕಡೆ ಹೋದ ಎಂದು ನೋಡಿಯೇ ಆಡಬೇಕಾದ ವಿಧಾನ ಇದು, ನೋಡಲು ಅರ್ಧ ಸೆಕೆಂಡ್ ಸಾಕು.