ಗದರಿಸದಿದ್ದರೆ ಕೆಲಸ ಆಗಲ್ವಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ಕಾಫಿ ತೋಟವಿದೆ. ಕೂಲಿ ಸರಿಯಾಗಿಯೇ ಕೊಡುತ್ತೇವೆ. ಆದರೂ ಜನ ನಿಲ್ಲುವುದಿಲ್ಲ. ಕೆಲಸ ಮಾಡಿಸುವವರ ರೀತಿಯಿಂದ ಅಷ್ಟು ವ್ಯತ್ಯಾಸ ಆಗುತ್ತಾ? ಸಲಿಗೆ ಕೊಟ್ಟರೆ ತಲೆ ಮೇಲೆ ಕೂರ್ತಾರೆ ಅಲ್ವಾ?

ವ್ಯತ್ಯಾಸ ಖಂಡಿತ ಆಗುತ್ತದೆ. ಸಕಲೇಶಪುರದ ತೋಟದವರು ಕೇಳಲಿ, ಹಾಸನದ ಗಾರ್ಮೆಂಟ್ಸ್‌ನವರು ಕೇಳಲಿ, ಕೊನೆಗೆ ಈ ‘ತಲೆ ಮೇಲೆ ಕೂರ್ತಾರೆ’ ಬಂದೇ ಬರುತ್ತದೆ. ಎಷ್ಟು ಸಲ ಹೇಳಿದರೂ ಹೋಗದ ನಂಬಿಕೆ ಇದು.

ಗದರಿದರೆ ಕೆಲಸ ಆಗುತ್ತದೆ, ಆದರೆ ಗದರುವವರು ಎದುರಿಗಿದ್ದಷ್ಟು ಹೊತ್ತು ಮಾತ್ರ. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಹುಡುಗರ ಗುಂಪುಗಳ ಮೇಲೆ ನಡೆಸಿ, 1939ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಕಂಡಿತು. ಹುಕುಂ ಚಲಾಯಿಸುವ ನಾಯಕ ಹೊರಗೆ ಹೋದ ಕೂಡಲೇ ಕೆಲಸ ಕುಸಿಯಿತು. ಎಲ್ಲರನ್ನೂ ಕೇಳಿ ಮಾಡಿಸುವ ನಾಯಕನ ಗುಂಪಿನಲ್ಲಿ ಅವನಿಲ್ಲದಾಗಲೂ ಕೆಲಸ ನಡೆಯುತ್ತಿತ್ತು. ಹುಡುಗರ ಮಾತು ಬಿಡಿ ಎನ್ನುವವರಿಗೆ ಫ್ಲೀಶ್‌ಮನ್ ಮತ್ತು ಹ್ಯಾರಿಸ್ ಅವರ 1962ರ ಅಧ್ಯಯನವಿದೆ. ಅದು ನಡೆದದ್ದು ಲಾರಿ ತಯಾರಿಸುವ ಕಾರ್ಖಾನೆಯಲ್ಲಿ. ಕೆಲಸಗಾರರ ಕಷ್ಟಸುಖ ಕೇಳದ ಫೋರ್‌ಮನ್‌ಗಳ ಕೈಕೆಳಗೆ ದೂರುಗಳೂ ಜಾಸ್ತಿ, ಬಿಟ್ಟು ಹೋಗುವವರೂ ಜಾಸ್ತಿ. ಕೇಳುವವರು ಕೆಲಸದಲ್ಲಿ ಬಿಗಿ ಮಾಡಿದರೂ ದೂರು ಹೆಚ್ಚೇನೂ ಏರಲಿಲ್ಲ. ಅಂದರೆ ಬಿಗಿ ಬೇರೆ, ಒರಟುತನ ಬೇರೆ. ಜನ ಓಡಿಹೋಗುವುದು ಒರಟುತನಕ್ಕೆ.

ಸಂಜೆ ಹಣ್ಣು ತೂಕ ಹಾಕುವ ಜಾಗಕ್ಕೆ ಹೋಗಿ ನಿಂತು ನೋಡಿ. ಕೊಯ್ದು ತಂದ ಹೆಂಗಸಿನ ಚೀಲದಲ್ಲಿ ಹಸಿರು ಕಾಯಿ ಜಾಸ್ತಿ ಇದೆ. ಒಬ್ಬ ಮೇಸ್ತ್ರಿ ಮುಖವನ್ನೂ ನೋಡದೆ ಎರಡು ಕಿಲೋ ಮುರಿದು ಬರೆದುಕೊಳ್ಳುತ್ತಾನೆ. ಇನ್ನೊಬ್ಬ ಚೀಲ ಸುರಿಸಿ, ಕಾಯಿ ತೋರಿಸಿ, ‘ನೋಡಕ್ಕ, ಇದಕ್ಕೆ ಎರಡು ಕಿಲೋ ಹೋಯ್ತು’ ಎನ್ನುತ್ತಾನೆ. ಮುರಿದದ್ದು ಅಷ್ಟೇ. ಮೊದಲನೆಯವನ ಹತ್ತಿರ ಆಕೆಗೆ ಉಳಿಯುವುದು ಮೋಸದ ಅನುಮಾನ.

ಹಾಗಂತ ಎಲ್ಲವನ್ನೂ ಅವರಿಗೇ ಬಿಟ್ಟು ಸುಮ್ನೆ ಕೂರುವುದೂ ಸಲ್ಲದು. ಲೆವಿನ್ ಪ್ರಯೋಗದಲ್ಲಿ ಅಂಥ ಗುಂಪಿನ ಕೆಲಸ ಕಡಿಮೆ ಇತ್ತು.

ನೀವು ಕೇಳದ ಒಂದು ವಿಷಯವನ್ನೂ ಹೇಳುತ್ತೇನೆ. ಮಾಲೀಕರು ಬೆಂಗಳೂರಿನಲ್ಲಿದ್ದು ವಾರಕ್ಕೊಮ್ಮೆ ಬರುವ ತೋಟಗಳು ಈಗ ಎಷ್ಟೋ ಇವೆ. ಅವರು ಎಷ್ಟೇ ಒಳ್ಳೆಯವರಾಗಿರಲಿ, ಕೆಲಸದವರ ಪಾಲಿಗೆ ದಿನಾ ಕಾಣುವ ಯಜಮಾನ ಮೇಸ್ತ್ರಿಯೇ. ಆದರೂ ಚುರುಕಾಗಿ ಹಣ್ಣು ಕೊಯ್ಯುವವನನ್ನು ಮೇಸ್ತ್ರಿ ಮಾಡಿ, ಜನರ ಜೊತೆ ಹೇಗೆ ಮಾತಾಡಬೇಕು ಎಂದು ಒಂದು ದಿನವೂ ಹೇಳಿಕೊಡುವುದಿಲ್ಲ. ಮುಂದಿನ ಕೊಯ್ಲಿಗೆ ಕೂಲಿ ಏರಿಸುವ ಮೊದಲು, ಬಿಟ್ಟು ಹೋದ ಒಬ್ಬರನ್ನಾದರೂ ಮೇಸ್ತ್ರಿ ಎದುರಿಗಿಲ್ಲದಾಗ ಕರೆದು ಮಾತಾಡಿಸಿ.