ಎಫೆಕ್ಟ್ ಸೈಜ್: ಭಾಗಿಸಬೇಕಾದ್ದು ಯಾವ ಎಸ್‌ಡಿಯಿಂದ?

ಎರಡು ಗುಂಪುಗಳ ಸರಾಸರಿ ಹೋಲಿಸಲು ಟಿ-ಟೆಸ್ಟ್ ಮಾಡುತ್ತೇವೆ, ಪಿ (ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂದರೆ "ವ್ಯತ್ಯಾಸ ಇದೆ" ಅಂತ ಬರೆದು ಮುಗಿಸುತ್ತೇವೆ. ಎಷ್ಟು ವ್ಯತ್ಯಾಸ ಅನ್ನೋದನ್ನು ಪಿ ಹೇಳುವುದಿಲ್ಲ. ಅದಕ್ಕೇ ಎಫೆಕ್ಟ್ ಸೈಜ್, ಅಂದರೆ ವ್ಯತ್ಯಾಸದ ಗಾತ್ರದ ಅಳತೆ ಬೇಕು. ಎರಡು ಗುಂಪುಗಳಿಗೆ ಜಾಸ್ತಿ ಬಳಸುವುದು ಕೋಹೆನ್ ಅವರ ಡಿ: ಸರಾಸರಿಗಳ ವ್ಯತ್ಯಾಸವನ್ನು ಎಸ್‌ಡಿಯಿಂದ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನೋ ಅಳತೆ) ಭಾಗಿಸಿದರೆ ಆಯಿತು.

ಹಾಸನದಲ್ಲಿ ಕೂತು ಓದುವವರಿಗೆ ಆಲೂಗಡ್ಡೆ ಉದಾಹರಣೆಯೇ ಸಲೀಸು. ಮುಂಗಾರಿಗೆ ನೆಟ್ಟ ಕುಫ್ರಿ ಜ್ಯೋತಿ ತಳಿ ಅಂದುಕೊಳ್ಳಿ. ಗಿಡಕ್ಕೆ ಎಷ್ಟು ಗ್ರಾಂ ಗಡ್ಡೆ ಸಿಕ್ಕಿತು ಅನ್ನೋದು ಅಳತೆ. ಅಂಕಿಗಳು ಲೆಕ್ಕ ಕಲಿಯಲು ನಾನೇ ಹಾಕಿಕೊಂಡವು, ಯಾವ ಹೊಲದವೂ ಅಲ್ಲ.

ಬೀಜೋಪಚಾರ ಇಲ್ಲದೆ: 300, 340, 360, 380, 420. ಸರಾಸರಿ 360.
ಬೀಜೋಪಚಾರ ಮಾಡಿ: 370, 430, 440, 450, 510. ಸರಾಸರಿ 440.

ವ್ಯತ್ಯಾಸ 80 ಗ್ರಾಂ. ಈಗ ಯಾವ ಎಸ್‌ಡಿ? ತಲೆ ಕೆಡುವುದು ಇಲ್ಲೇ.

ಹತ್ತೂ ಅಂಕಿಗಳನ್ನು ಒಟ್ಟಿಗೆ ಸುರಿದು ಒಂದೇ ಎಸ್‌ಡಿ ತೆಗೆಯೋಣ ಅನಿಸುತ್ತದೆ. ತೆಗೆದರೆ 61.5 ಬರುತ್ತದೆ, ಡಿ 1.30 ಆಗುತ್ತದೆ. ಇದು ತಪ್ಪು. ಯಾಕೆ ಅಂದರೆ, ಒಟ್ಟಿಗೆ ಸುರಿದಾಗ ಎಲ್ಲರ ಸರಾಸರಿ 400. ಆಗ ಉಪಚಾರ ಇಲ್ಲದ ಗುಂಪು ಪೂರ್ತಿ 40 ಕೆಳಗೆ, ಉಪಚಾರ ಮಾಡಿದ ಗುಂಪು ಪೂರ್ತಿ 40 ಮೇಲೆ ಕೂರುತ್ತದೆ. ಅಂದರೆ ನಾವು ಅಳೆಯಲು ಹೊರಟ ಆ 80 ಗ್ರಾಂ ಅಂತರವೇ ಎಸ್‌ಡಿಯೊಳಗೆ ಸೇರಿಕೊಂಡಿತು. ಅಂತರ ದೊಡ್ಡದಾದಷ್ಟೂ ಛೇದವೂ ದೊಡ್ಡದಾಗುತ್ತದೆ, ಡಿ ಇರಬೇಕಾದ್ದಕ್ಕಿಂತ ಸುಮ್ನೆ ಚಿಕ್ಕದಾಗಿ ಬರುತ್ತದೆ. ನಮಗೆ ಬೇಕಾದ್ದು ಒಂದೇ ಗುಂಪಿನೊಳಗೆ ಗಿಡದಿಂದ ಗಿಡಕ್ಕೆ ಎಷ್ಟು ಏರಿಳಿತ ಇದೆ ಅನ್ನೋದು ಮಾತ್ರ, ಅಲ್ವಾ?

ಹಾಗಾಗಿ ಪ್ರತಿ ಗುಂಪಿನ ವಿಚಲನೆಯನ್ನು ಅದರದೇ ಸರಾಸರಿಯಿಂದ ಲೆಕ್ಕ ಹಾಕಬೇಕು. ಮೊದಲನೆಯದರ ವಿಚಲನೆಗಳು −60, −20, 0, 20, 60. ವರ್ಗ ಮಾಡಿ ಕೂಡಿದರೆ 8,000. ಎರಡನೆಯದರಲ್ಲಿ −70, −10, 0, 10, 70. ಅಲ್ಲಿ 10,000. ಎರಡನ್ನೂ ಸೇರಿಸಿ 18,000. ಇದನ್ನು 5+5−2, ಅಂದರೆ 8ರಿಂದ ಭಾಗಿಸಿ: 2,250. ವರ್ಗಮೂಲ 47.4. ಇದೇ ಪೂಲ್ಡ್ ಎಸ್‌ಡಿ, ಅಂದರೆ ಎರಡೂ ಗುಂಪುಗಳ ಒಳಗಿನ ಏರಿಳಿತ ಸೇರಿಸಿ ತೆಗೆದ ಎಸ್‌ಡಿ. 80 ÷ 47.4 = 1.69.

ಎಕ್ಸೆಲ್‌ನಲ್ಲಿ ಡಿಇವಿಎಸ್‌ಕ್ಯೂ ಅನ್ನೋ ಫಾರ್ಮುಲಾ ಆ 8,000, 10,000ಗಳನ್ನು ನೇರವಾಗಿ ಕೊಡುತ್ತದೆ. ಗುಂಪುಗಳಲ್ಲಿ ಸಂಖ್ಯೆ ಬೇರೆಬೇರೆ ಇದ್ದರೂ ಇದೇ ದಾರಿ, ಬೇರೆ ಸೂತ್ರ ನೆನಪಿಡಬೇಕಿಲ್ಲ. ನನಗೆ ತುಂಬ ಇಷ್ಟವಾದ ಅಡ್ಡದಾರಿ ಇದು.

ಸ್ಟ್ಯಾಂಡರ್ಡ್ ಎರರ್‌ನಿಂದ (ನಾವು ಕಂಡ ವ್ಯತ್ಯಾಸ ಎಷ್ಟು ಅಲುಗಾಡಬಹುದು ಅನ್ನೋ ಅಳತೆ) ಭಾಗಿಸಿದರೆ ಬರುವುದು ಡಿ ಅಲ್ಲ, ಟಿ-ಟೆಸ್ಟ್‌ನ ಟಿ. ಇಲ್ಲಿ ಎರರ್ √(2,250 × (1/5 + 1/5)), ಸರಿಯಾಗಿ 30, ಟಿ 2.67. ಏರಿಳಿತ ಇಷ್ಟೇ ಇದ್ದು ಗುಂಪಿಗೆ 20 ಗಿಡ ಆದರೆ ಎರರ್ 15ಕ್ಕೆ ಇಳಿಯುತ್ತದೆ, ಟಿ 5.33 ಆಗುತ್ತದೆ. ಡಿ ಮಾತ್ರ 1.69ರಲ್ಲೇ ಇರುತ್ತದೆ.

ಗಿಡ ಕಡಿಮೆ ಇದ್ದಾಗ ಡಿ ಸ್ವಲ್ಪ ಉಬ್ಬಿರುತ್ತದೆ. ಅದಕ್ಕೆ ಹೆಜಸ್ ಅನ್ನೋವರ ತಿದ್ದುಪಡಿ ಇದೆ: 1 − 3/(4×8 − 1) = 0.903 (8 ಅಂದರೆ ಮೇಲಿನ 5+5−2). ಗುಣಿಸಿದರೆ 1.52, ಇದನ್ನು ಜಿ ಅನ್ನುತ್ತಾರೆ. 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು ಅನ್ನೋ ಅಳತೆ ಕೋಹೆನ್ ಅವರದೇ, ಆದರೆ ಬೇರೆ ಆಧಾರ ಇಲ್ಲದಾಗ ಮಾತ್ರ ಬಳಸಲು ಕೊಟ್ಟದ್ದು. ಇಲ್ಲಿ ಗ್ರಾಂ ಲೆಕ್ಕವೇ ಸಾಕಷ್ಟು ಹೇಳುತ್ತದೆ. 60 ಸೆಂ.ಮೀ. ಸಾಲು, 20 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 33,700 ಗಿಡ. ಗಿಡಕ್ಕೆ 80 ಗ್ರಾಂ ಅಂದರೆ ಎಕರೆಗೆ ಸುಮಾರು 27 ಕ್ವಿಂಟಾಲ್! ರೈತರ ಮುಂದೆ 1.52 ಅನ್ನೋದಕ್ಕಿಂತ ಇದನ್ನು ಹೇಳಬೇಕು.

ಚಿತ್ರಕ್ಕೆ ಬಾರ್ ಚಾರ್ಟ್ ಬೇಡ, ಅದರಲ್ಲಿ ಗಿಡಗಳೇ ಕಾಣುವುದಿಲ್ಲ. ಐದೈದು ಗಿಡಕ್ಕೆ ಗಂಟೆಯಾಕಾರದ ನಯವಾದ ಗೆರೆ ಎಳೆಯುವುದೂ ಸರಿಯಲ್ಲ. ಗಾರ್ಡ್‌ನರ್ ಮತ್ತು ಆಲ್ಟ್‌ಮನ್ 1986ರಲ್ಲಿ ತೋರಿಸಿಕೊಟ್ಟ ಚಿತ್ರ ಒಳ್ಳೆಯದು. ಎಡಗಡೆ ಪ್ರತಿ ಗಿಡಕ್ಕೂ ಒಂದು ಚುಕ್ಕೆ. ಬಲಗಡೆ ವ್ಯತ್ಯಾಸಕ್ಕೆ ಬೇರೆ ಅಕ್ಷ: ಅದರ ಸೊನ್ನೆ 360ರ ನೇರಕ್ಕೆ, 80 ಅನ್ನೋದು 440ರ ನೇರಕ್ಕೆ. ಆ 80ರ ಮೇಲೆ 95% ವಿಶ್ವಾಸ ಅಂತರದ (ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನೋ ಅಂದಾಜಿನ) ಗೆರೆ, 11ರಿಂದ 149ರವರೆಗೆ. ಗೆರೆ ಸೊನ್ನೆಯನ್ನು ಮುಟ್ಟಿಲ್ಲ, ಆದರೆ ಎಷ್ಟು ಉದ್ದ ಇದೆ ನೋಡಿ. 1.52 ಅನ್ನೋ ಒಂದೇ ಅಂಕಿಯಲ್ಲಿ ಈ ಅನುಮಾನ ಕಾಣುವುದಿಲ್ಲ. ಪೈಥಾನ್‌ನಲ್ಲಿ ಡಾಬೆಸ್ಟ್ ಪ್ಯಾಕೇಜ್ ಇಂಥ ಚಿತ್ರ ಬರೆದುಕೊಡುತ್ತದೆ.

ವರದಿಯಲ್ಲಿ ಹೀಗೆ ಬರೆಯಿರಿ: ಗುಂಪಿಗೆ 5 ಗಿಡ, ವ್ಯತ್ಯಾಸ 80 ಗ್ರಾಂ, 95% ಅಂತರ 11ರಿಂದ 149, ಹೆಜಸ್ ಜಿ 1.52.